ಜಗತ್ತು ಕಲ್ಲಿದ್ದಲನ್ನು ದಾಟಿದ ಆ ಆರು ತಿಂಗಳು, ನಮ್ಮ ತಾರಸಿಯ ಪ್ಯಾನೆಲ್ ಸುಮ್ಮನೆ ಬಿಸಿಲು ಕಾಯುತ್ತಿತ್ತು: ಇಂಧನ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಇಂಧನ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮನೆ ತಾರಸಿಯ ಸೋಲಾರ್‌ಗೆ ನೆಟ್ ಮೀಟರ್ (ತೆಗೆದುಕೊಂಡ, ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ದ್ವಿಮುಖ ಮೀಟರ್) ಸಿಗಲು ತಿಂಗಳುಗಟ್ಟಲೆ ತಡವಾಗುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಮಧ್ಯ ಕರ್ನಾಟಕದ ಒಂದು ಸಣ್ಣ ಊರಿನಲ್ಲಿರುವ ನಿವೃತ್ತ ಹೈಸ್ಕೂಲು ಮೇಷ್ಟ್ರು. 31 ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಾಳೆ ಯಾರೋ ಒಬ್ಬ ಕಿರಿಯ ಎಂಜಿನಿಯರ್ (ಜೆಇ)ಗೋ ಲೈನ್‌ಮನ್‌ಗೋ ನೋಟಿಸ್ ಹೋಗುತ್ತದೆ. ಅವರು ಉತ್ತರ ಕೊಡುತ್ತಾರೆ. ಕಡತ ಮುಗಿಯುತ್ತದೆ. ನನ್ನ ದೂರು ಅಷ್ಟಕ್ಕೆ ಮುಗಿಯುವಂಥದ್ದಲ್ಲ.

ನಡೆದದ್ದು ಇಷ್ಟು. 2024ರ ಅಕ್ಟೋಬರ್‌ನಲ್ಲಿ ಪಿಎಂ ಸೂರ್ಯಘರ್ ಯೋಜನೆಗೆ ಅರ್ಜಿ ಹಾಕಿದೆ. 3 ಕಿಲೋವಾಟ್ ಸೋಲಾರ್. ಖರ್ಚು ಹತ್ತಿರ ಹತ್ತಿರ ಎರಡು ಲಕ್ಷ. ಅದರಲ್ಲಿ ಕೇಂದ್ರದ ಸಬ್ಸಿಡಿ 78 ಸಾವಿರ. ಉಳಿದದ್ದಕ್ಕೆ ಬ್ಯಾಂಕ್ ಸಾಲ, ಸ್ವಲ್ಪ ಪಿಂಚಣಿ ಹಣ. ಮೊದಲ ತೊಡಕು ಕರೆಂಟ್ ಸಂಪರ್ಕದ ಗುರುತಿನ ಸಂಖ್ಯೆ, ಅಂದರೆ ಆರ್‌ಆರ್ ನಂಬರ್‌ನಲ್ಲೇ ಸಿಕ್ಕಿತು. ಅದು ಇನ್ನೂ ನಮ್ಮ ತಂದೆಯವರ ಹೆಸರಲ್ಲಿತ್ತು. ಅವರು ಹೋಗಿ ಹನ್ನೊಂದು ವರ್ಷ. ಇಷ್ಟು ವರ್ಷ ಅವರ ಹೆಸರಿನ ಬಿಲ್ಲನ್ನು ನಾನು ಕಟ್ಟಿದಾಗ ಯಾರೂ ಏನೂ ಕೇಳಿರಲಿಲ್ಲ. ಸೋಲಾರ್ ಅಂದ ಕೂಡಲೇ ಮರಣ ಪತ್ರ, ಖಾತೆ, ಛಾಪಾ ಕಾಗದದ ಮೇಲೆ ಮುಚ್ಚಳಿಕೆ, ತಮ್ಮನ ಸಹಿ, ತಂಗಿಯ ಸಹಿ ಎಲ್ಲಾ ಬೇಕಾಯಿತು. ಇರಲಿ, ಇದು ನಮ್ಮದೇ ತಪ್ಪು. ಮೊದಲೇ ಮಾಡಿಸಿಕೊಳ್ಳಬೇಕಿತ್ತು.

2025ರ ಜನವರಿ 13, ಸಂಕ್ರಾಂತಿಯ ಹಿಂದಿನ ದಿನ, ಪ್ಯಾನೆಲ್ ಕೂರಿಸಿ ಮುಗಿಯಿತು. ಇನ್‌ವರ್ಟರ್ ಹಾಕಿದರು, ಅರ್ತಿಂಗ್ ಕೊಟ್ಟರು. ಹೊರಡುವಾಗ ವೆಂಡರ್ ಕಡೆಯ ಹುಡುಗ ಎಂಸಿಬಿ ಸ್ವಿಚ್ಚನ್ನು ಕೆಳಗೆ ಎಳೆದು ಅದರ ಮೇಲೆ ಟೇಪ್ ಅಂಟಿಸಿದ. 'ಸರ್, ನೆಟ್ ಮೀಟರ್ ಬರೋ ತನಕ ಆನ್ ಮಾಡ್ಬೇಡಿ. ಹಳೇ ಮೀಟರ್‌ಗೆ ನೀವು ಕರೆಂಟ್ ತಗೋತಿದೀರೋ ಕೊಡ್ತಿದೀರೋ ಗೊತ್ತಾಗಲ್ಲ. ಕೊಟ್ಟಿದ್ದನ್ನೂ ತಗೊಂಡಿದ್ದು ಅಂತ ಲೆಕ್ಕ ಹಾಕಿಬಿಡುತ್ತೆ' ಅಂದ. ಕೊಟ್ಟದ್ದಕ್ಕೇ ಬಿಲ್ ಬರುವುದು! ವಿಜ್ಞಾನ ಮೇಷ್ಟ್ರಾಗಿ ನನಗೇ ಇದು ಹೊಳೆದಿರಲಿಲ್ಲ.

ಆ ಟೇಪ್ ತೆಗೆದದ್ದು ಜೂನ್ 5ಕ್ಕೆ. ಅಂದರೆ 143 ದಿನ.

ಈ ನಡುವೆ ವಿದ್ಯುತ್ ಕಂಪನಿಯ ಆಫೀಸಿಗೆ ಎಷ್ಟು ಸಲ ಹೋದೆ ಎಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಹದಿನಾಲ್ಕು ಸಲ. ಮೊದಲು 'ದ್ವಿಮುಖ ಮೀಟರ್ ಸ್ಟಾಕ್ ಇಲ್ಲ' ಅಂದರು. ಸ್ಟಾಕ್ ಬಂದ ಮೇಲೆ 'ಟೆಸ್ಟಿಂಗ್‌ಗೆ ಹೋಗಬೇಕು, ಲ್ಯಾಬ್‌ನಲ್ಲಿ ಕ್ಯೂ ಇದೆ' ಅಂದರು. ಟೆಸ್ಟ್ ಆಗಿ ಬಂತು, ಸೀಲ್ ಹಾಕುವವರು ಚುನಾವಣಾ ಡ್ಯೂಟಿ ತರಬೇತಿಗೆ ಹೋಗಿದ್ದರು. ಒಂದು ಸಲವಂತೂ ನನ್ನ ಫೈಲೇ ಸಿಗಲಿಲ್ಲ. ಆಮೇಲೆ ಇನ್ನೊಬ್ಬರ ಹೊಸ ಸಂಪರ್ಕದ ಫೈಲಿನೊಳಗೆ ಸಿಕ್ಕಿತು. ಅಲ್ಲಿನ ಜೆಇ ನನ್ನ ಶಿಷ್ಯರ ವಯಸ್ಸಿನ ಹುಡುಗ. ಒಳ್ಳೆಯವನು. 'ಮೇಷ್ಟ್ರೇ, ಎರಡು ಸೆಕ್ಷನ್ ಚಾರ್ಜ್ ನನ್ನ ತಲೆ ಮೇಲಿದೆ. ಎಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೂ ಮೊದಲು ಅಲ್ಲಿಗೆ ಓಡಬೇಕು. ಸೋಲಾರ್ ಮೀಟರ್ ಯಾವತ್ತೂ ಅರ್ಜೆಂಟ್ ಅನ್ನಿಸಲ್ಲ' ಅಂದ. ಯಾರೂ ಲಂಚ ಕೇಳಲಿಲ್ಲ, ಯಾರೂ ಗದರಲಿಲ್ಲ. ಕೆಲಸ ಮಾತ್ರ ಆಗಲಿಲ್ಲ. ಹೀಗಾದಾಗ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು ಅನ್ನುವುದೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಬೇರೆ ರಗಳೆ. ನಮ್ಮ ಮನೆಯವರು ಪ್ರತಿ ಮಾರ್ಚ್‌ನಲ್ಲಿ ತಾರಸಿ ಮೇಲೆ ಸಂಡಿಗೆ ಇಡುತ್ತಾರೆ. ಈ ಸಲ ಆ ಜಾಗದಲ್ಲಿ ಪ್ಯಾನೆಲ್. 'ಸಂಡಿಗೆ ಒಣಗೋ ಬಿಸಿಲೂ ಹೋಯ್ತು, ಕರೆಂಟೂ ಬರ್ಲಿಲ್ಲ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಬ್ಸಿಡಿ ಬರುವುದು ಮೀಟರ್ ಕೂತು, ವರದಿ ಆನ್‌ಲೈನ್‌ನಲ್ಲಿ ಏರಿದ ಮೇಲೆ. ಸಾಲದ ಕಂತು ಮಾತ್ರ ಫೆಬ್ರವರಿಯಿಂದಲೇ ಶುರು.

ಇದಿಷ್ಟೇ ಆಗಿದ್ದರೆ ಒಂದು ಮನೆಯ ಗೋಳು ಎಂದು ಸುಮ್ಮನಾಗುತ್ತಿದ್ದೆ. ಆದರೆ ಮೀಟರ್‌ಗೆ ಕಾಯುತ್ತಾ ಕೂತ ಅದೇ ತಿಂಗಳುಗಳಲ್ಲಿ ಹೊರಗೆ ಏನೇನು ನಡೆಯಿತು ಅನ್ನುವುದನ್ನು ತಾವು ಒಮ್ಮೆ ಪಕ್ಕದಲ್ಲಿ ಇಟ್ಟು ನೋಡಬೇಕು.

2025ರ ಮೊದಲ ಆರು ತಿಂಗಳಲ್ಲಿ, ಇಡೀ ಜಗತ್ತಿನ ಲೆಕ್ಕ ತೆಗೆದರೆ, ಸೂರ್ಯ, ಗಾಳಿ, ನೀರು ಮುಂತಾದ ಮುಗಿಯದ ಮೂಲಗಳಿಂದ ಬಂದ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದದ್ದಕ್ಕಿಂತ ಜಾಸ್ತಿಯಾಯಿತು. ಹೀಗಾದದ್ದು ಇದೇ ಮೊದಲು. ವಿದ್ಯುತ್ತಿನ ಲೆಕ್ಕ ಇಡುವ ಎಂಬರ್ ಸಂಸ್ಥೆ ಅಕ್ಟೋಬರ್‌ನಲ್ಲಿ ಇದನ್ನು ಪ್ರಕಟಿಸಿತು. ಆ ಅರ್ಧ ವರ್ಷದಲ್ಲಿ ಜಗತ್ತಿನ ಬೇಡಿಕೆ ಎಷ್ಟು ಏರಿತೋ ಅದರ ಬಹುಪಾಲನ್ನು ಸೋಲಾರ್ ಒಂದೇ ತುಂಬಿಕೊಟ್ಟಿದೆ. ಮೇ ತಿಂಗಳಲ್ಲಿ ಚೀನಾ 93 ಸಾವಿರ ಮೆಗಾವಾಟ್ ಸೋಲಾರ್ ಹಾಕಿತು. ಒಂದೇ ತಿಂಗಳಲ್ಲಿ! ಜೂನ್‌ನಿಂದ ಅಲ್ಲಿ ದರದ ನಿಯಮ ಬದಲಾಗುವುದಿತ್ತು, ಅದಕ್ಕೆ ಎಲ್ಲರೂ ಮುಗಿಬಿದ್ದರು ಅನ್ನುವುದು ನಿಜ. ಆದರೂ ಅದು ನಮ್ಮ ಪಾವಗಡದಂಥ 45 ಸೋಲಾರ್ ಪಾರ್ಕುಗಳಿಗೆ ಸಮ. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2030ರ ಹೊತ್ತಿಗೆ ಒಟ್ಟು ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲ, ಎಣ್ಣೆ ಬಿಟ್ಟು ಬೇರೆ ಮೂಲಗಳದ್ದಾಗಬೇಕು ಅಂತ ಭಾರತ ಮಾತು ಕೊಟ್ಟಿತ್ತು. 2025ರ ಜೂನ್‌ನಲ್ಲೇ, ಐದು ವರ್ಷ ಮುಂಚೆಯೇ, ಆ ಗೆರೆ ಮುಟ್ಟಿತು.

ಅದೇ ಜನವರಿಯಿಂದ ಜೂನ್. ನಮ್ಮ ಎಂಸಿಬಿ ಮೇಲೆ ಟೇಪ್.

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಇದನ್ನು ಮಕ್ಕಳಿಗೂ ಹೇಳುತ್ತಿದ್ದೆ. ನಮ್ಮ ದೇಶದಲ್ಲಿ ನಿಜವಾಗಿ ಉರಿಯುವ ಕರೆಂಟಿನಲ್ಲಿ ಈಗಲೂ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕಲ್ಲಿದ್ದಲಿನದೇ. ಸೂರ್ಯ ಸಂಜೆ ಆರಕ್ಕೆ ಮನೆಗೆ ಹೋಗುತ್ತಾನೆ, ನಾವು ಆಗ ದೀಪ, ಟಿವಿ, ಫ್ಯಾನ್ ಹಾಕುತ್ತೇವೆ. ಆದ್ದರಿಂದ ಎಲ್ಲಾ ಗೆದ್ದಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ದಾರಿ ತೆರೆದಿದೆ, ಬೇರೆಯವರು ಓಡುತ್ತಿದ್ದಾರೆ. ನಾವು ಆಫೀಸಿನ ಬೆಂಚಿನ ಮೇಲೆ ಕೂತಿದ್ದೇವೆ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. 'ಶಕ್ತಿಯ ಮೂಲಗಳು' ಪಾಠ ಮಾಡುವಾಗ ಎಷ್ಟೋ ವರ್ಷ ನಾನು ಬೋರ್ಡಿನ ಮೇಲೆ ಬರೆಸುತ್ತಿದ್ದೆ: 'ಸೌರಶಕ್ತಿ: ಅನುಕೂಲ, ಮಾಲಿನ್ಯವಿಲ್ಲ. ಅನಾನುಕೂಲ, ದುಬಾರಿ.' ಪರೀಕ್ಷೆಯಲ್ಲಿ 'ದುಬಾರಿ' ಅಂತ ಬರೆದವರಿಗೆ ಒಂದು ಅಂಕ. ಆಗ ಅದು ಸರಿಯೇ ಇತ್ತು. 2010ರಲ್ಲಿ ರಾಷ್ಟ್ರೀಯ ಸೋಲಾರ್ ಮಿಷನ್ನಿನ ಮೊದಲ ಹರಾಜಿನಲ್ಲಿ ಪ್ಯಾನೆಲ್ ಕರೆಂಟಿಗೆ ಬಂದ ಅತಿ ಕಡಿಮೆ ದರವೇ ಯೂನಿಟ್‌ಗೆ 10 ರೂಪಾಯಿ 95 ಪೈಸೆ. ಹತ್ತೇ ವರ್ಷ ಕಳೆದು 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಅದು 1 ರೂಪಾಯಿ 99 ಪೈಸೆಗೆ ಇಳಿಯಿತು. ಹಾಲು, ಅಕ್ಕಿ, ಸಿಮೆಂಟು, ಶಾಲೆ ಫೀಸು, ಈ ಹತ್ತು ವರ್ಷದಲ್ಲಿ ಬೇರೆ ಯಾವುದರ ಬೆಲೆ ಹೀಗೆ ಇಳಿದದ್ದು ನೋಡಿದ್ದೀರಿ? ನನ್ನ ಹತ್ತಿರ ಕಲಿತವರು ಎಲ್ಲೋ ಇಂದಿಗೂ 'ಸೋಲಾರ್ ದುಬಾರಿ ಕಣ್ರೀ' ಅನ್ನುತ್ತಿರಬಹುದು. ಅವರಿಗೆ ಹೇಳಿಕೊಟ್ಟವನು ನಾನೇ.

ಈಗ ದುಬಾರಿಯಾಗಿರುವುದು ಪ್ಯಾನೆಲ್ ಅಲ್ಲ ಸ್ವಾಮಿ, ಕಾಯುವುದು.

ನಿಯಮ ಇಲ್ಲ ಅಂತಲೂ ಅಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ತಂದಿದೆ. 10 ಕಿಲೋವಾಟ್‌ವರೆಗಿನ ಮನೆ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆಯೇ ಬೇಡ, ಅರ್ಜಿ ಒಪ್ಪಿಗೆಯಾದಂತೆಯೇ. ಪ್ಯಾನೆಲ್ ಕೂರಿಸಿ ಆದ ಮೇಲೆ ಮೀಟರ್ ಹಾಕಿ ಚಾಲೂ ಮಾಡಿಕೊಡಲು ಕಂಪನಿಗೆ ಮೊದಲು 30 ದಿನ ಇತ್ತು, ಅದನ್ನು 15ಕ್ಕೆ ಇಳಿಸಿದ್ದಾರೆ. ಇದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದೆ. ಮೇಲಧಿಕಾರಿಯೊಬ್ಬರು ಕನ್ನಡಕ ಏರಿಸಿ ಪೂರ್ತಿ ಓದಿದರು. 'ಹೌದು, ಹೀಗೇ ಇದೆ' ಅಂದರು. ಹಾಳೆ ಮಡಿಸಿ ನನಗೇ ವಾಪಸ್ ಕೊಟ್ಟರು.

143 ದಿನ, ದಿನಕ್ಕೆ ಸರಾಸರಿ 12 ಯೂನಿಟ್. ಸುಮಾರು 1,700 ಯೂನಿಟ್ ನಮ್ಮ ತಾರಸಿಯಿಂದ ಬರಬೇಕಿತ್ತು. ಒಂದು ಯೂನಿಟ್‌ಗೆ ಮುಕ್ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ ಕಲ್ಲಿದ್ದಲು ಸುಡಬೇಕಾಗುತ್ತದೆ ಅಂದುಕೊಂಡರೂ, ನಮ್ಮ ಒಂದು ಮನೆಯ ಲೆಕ್ಕ ಒಂದು ಟನ್ ದಾಟುತ್ತದೆ. ಸಿಂಗರೇಣಿಯ ಗಣಿಯಿಂದ ರೈಲಿನಲ್ಲಿ ರಾಯಚೂರಿಗೆ ಬಂದು ಸುಟ್ಟು ಬೂದಿಯಾಗುವಂಥ ಒಂದು ಟನ್. ಅದೂ ಯಾವಾಗ? ಮಾರ್ಚ್, ಏಪ್ರಿಲ್‌ನಲ್ಲಿ, ರಾಜ್ಯಕ್ಕೆ ಕರೆಂಟು ಅತಿ ಹೆಚ್ಚು ಬೇಕಾದಾಗ. 2023ರಲ್ಲಿ ಮಳೆ ಕೈಕೊಟ್ಟು, 200ಕ್ಕೂ ಜಾಸ್ತಿ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿ, ಜಲಾಶಯಗಳು ಬತ್ತಿ ಕೂತಾಗ ಒಂದೊಂದು ಯೂನಿಟ್‌ಗೂ ಸರ್ಕಾರ ಹೇಗೆ ಪರದಾಡಿತು ಅನ್ನುವುದು ತಮಗೆ ಗೊತ್ತಿರುವ ವಿಷಯ.

ಕರ್ನಾಟಕಕ್ಕೆ ಕೈಲಾಗುವುದಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಿವೃತ್ತಿಗೆ ಮುಂಚೆ ಮಕ್ಕಳನ್ನು ಕರೆದುಕೊಂಡು ಪಾವಗಡದ ತಿರುಮಣಿಗೆ ಹೋಗಿದ್ದೆ. ಐದು ಹಳ್ಳಿ, 13 ಸಾವಿರ ಎಕರೆ, 2,050 ಮೆಗಾವಾಟ್. ಕಣ್ಣು ಹಾಯುವವರೆಗೂ ನೀಲಿ. ಮಕ್ಕಳು ಕೆರೆ ಅಂದುಕೊಂಡರು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಯ ಹೊತ್ತಿಗೆ ಪೂರ್ತಿ ಸಾಮರ್ಥ್ಯ. ರೈತರಿಂದ ಜಮೀನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಗುತ್ತಿಗೆಗೆ ತೆಗೆದುಕೊಂಡದ್ದು ದೇಶಕ್ಕೇ ಮಾದರಿ ಆಯಿತು. ಅಲ್ಲಿ ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬ ಅಜ್ಜಿ ಹೇಳಿದ ಮಾತೂ ನೆನಪಿದೆ. 'ಹೊಲ ಇದ್ದೋರಿಗೆ ದುಡ್ಡು ಬತ್ತೈತೆ ಸಾಮಿ. ನಮ್ಗೆ ಶೇಂಗಾ ಕೀಳೋ ಕೂಲಿ ಇತ್ತು, ಈಗ ಅದೂ ಇಲ್ಲ.' ಆ ಪ್ರಶ್ನೆಗೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಅದಕ್ಕೆ ಬೇರೆ ಪತ್ರವೇ ಬೇಕು.

ನಾನು ಹೇಳಬೇಕೆಂದಿರುವುದು ಇದು. ಎರಡು ಸಾವಿರ ಮೆಗಾವಾಟ್ ಕೂರಿಸಿ ತೋರಿಸಿದ ಸರ್ಕಾರಕ್ಕೆ, ಮೂರು ಕಿಲೋವಾಟ್ ಮನೆಗೆ ಅಂಗೈ ಅಗಲದ ಮೀಟರ್ ಕೊಡಲು ಆಗಲಿಲ್ಲ. ಇನ್ನೂ ಹಿಂದೆ ಹೋದರೆ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದ ನಾಡು ಇದು. ಎತ್ತಿನ ಗಾಡಿಯ ಕಾಲ. ನಮ್ಮ ಮನೆಗೂ ಆ ಆಫೀಸಿಗೂ ಇರುವುದು ಎರಡೂವರೆ ಕಿಲೋಮೀಟರ್.

ದೊಡ್ಡ ಪಾರ್ಕು ಕಟ್ಟುವುದಕ್ಕೆ ಒಬ್ಬ ದೊಡ್ಡ ಅಧಿಕಾರಿ ಇರುತ್ತಾರೆ, ಗಡುವು ಇರುತ್ತದೆ, ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಮನೆ ತಾರಸಿಗೆ ಯಾರೂ ಇಲ್ಲ. ವಿತರಣಾ ಕಂಪನಿಗಳಿಗೆ ಮನಸ್ಸೂ ಇದ್ದಂತಿಲ್ಲ. ನನ್ನಂಥ, ತಿಂಗಳು ತಿಂಗಳು ಬಿಲ್ ಕಟ್ಟುವ ಗ್ರಾಹಕ ಕೈಬಿಟ್ಟು ಹೋದರೆ ಅವರಿಗೆ ನಷ್ಟ. ಈ ಮಾತನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಗೋಡೆಗೂ ಗೊತ್ತು. ಹಾಗೆ ಯೋಚಿಸುವವರು ಪಾಕಿಸ್ತಾನದ ಕಡೆ ಒಮ್ಮೆ ನೋಡಬೇಕು. ಅಲ್ಲಿ ಕರೆಂಟ್ ದರ ಏರಿ ಏರಿ ಜನ ಬೇಸತ್ತರು. 2024 ಒಂದೇ ವರ್ಷದಲ್ಲಿ ಸುಮಾರು 17 ಸಾವಿರ ಮೆಗಾವಾಟ್‌ನಷ್ಟು ಪ್ಯಾನೆಲ್ ಆ ದೇಶಕ್ಕೆ ಬಂತು. ಸರ್ಕಾರದ ದೊಡ್ಡ ಯೋಜನೆ ಏನೂ ಇರಲಿಲ್ಲ. ಜನ ಅಂಗಡಿಗೆ ಹೋಗಿ ಕೊಂಡು ತಂದು ಹಾಕಿಕೊಂಡರು. ಈಗ ಕಾಸಿದ್ದವರು ಗ್ರಿಡ್ (ಕಂಪನಿಯ ವಿದ್ಯುತ್ ಜಾಲ) ಬಿಡುತ್ತಿದ್ದಾರೆ, ಅದರ ಖರ್ಚು ಉಳಿದ ಬಡವರ ಬಿಲ್ ಮೇಲೆ ಬೀಳುತ್ತಿದೆ. ನೆಟ್ ಮೀಟರ್ ಕೊಟ್ಟರೆ ನಾವು ಗ್ರಿಡ್ ಒಳಗೇ ಇರುತ್ತೇವೆ, ಹಗಲು ಕೊಟ್ಟು ರಾತ್ರಿ ತೆಗೆದುಕೊಳ್ಳುತ್ತೇವೆ. ಕೊಡದಿದ್ದರೆ ನಾಳೆ ಬ್ಯಾಟರಿ ಅಗ್ಗವಾದಾಗ ಕೈಮುಗಿದು ಹೋಗುತ್ತೇವೆ. ಕಂಪನಿಗೆ ಯಾವುದು ಲಾಭ?

ಜರ್ಮನಿಯವರದು ಇನ್ನೂ ಸುಲಭ. ಬಾಡಿಗೆ ಮನೆಯವರೂ ಬಾಲ್ಕನಿಯ ಕಂಬಿಗೆ ಒಂದೆರಡು ಪ್ಯಾನೆಲ್ ಕಟ್ಟಿ, 800 ವಾಟ್‌ವರೆಗೆ, ಪ್ಲಗ್ ಚುಚ್ಚಿ, ಆನ್‌ಲೈನ್‌ನಲ್ಲಿ ಹೆಸರು ಬರೆಸಿದರೆ ಆಯಿತು. ಅಂಥವು ಹತ್ತು ಲಕ್ಷ ದಾಟಿವೆ. ಆಸ್ಟ್ರೇಲಿಯಾದಲ್ಲಿ ಹೆಚ್ಚೂಕಡಿಮೆ ಮೂರು ಮನೆಗೆ ಒಂದು ಮನೆಯ ಮೇಲೆ ಸೋಲಾರ್ ಇದೆ. ಅಷ್ಟು ದೂರ ಯಾಕೆ, ಸೂರ್ಯಘರ್ ಯೋಜನೆಯಲ್ಲಿ ಗುಜರಾತ್, ಮಹಾರಾಷ್ಟ್ರ ನಮಗಿಂತ ಎಷ್ಟೋ ಮುಂದೆ ಇವೆ. ಅಲ್ಲಿ ಬೀಳುವುದೂ ಇದೇ ಬಿಸಿಲು ಅಲ್ವಾ?

ನಮ್ಮಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಹೇಳಿದರೆ ಎರಡೂ ಕಡೆಯವರು ನನ್ನ ಮೇಲೆ ಬೀಳಬಹುದು. ಗೃಹಜ್ಯೋತಿ. ನಾನು ಪ್ಯಾನೆಲ್ ಹಾಕಿಸುವಾಗ ಪಕ್ಕದ ಮನೆಯವರು ನಕ್ಕರು. 'ಸೊನ್ನೆ ಬಿಲ್ ಬರೋ ಕಾಲದಲ್ಲಿ ಎರಡು ಲಕ್ಷ ಸುರೀತಿದೀರಲ್ಲ ಮೇಷ್ಟ್ರೇ' ಅಂತ. ನಮ್ಮದು ಮಗ ಸೊಸೆ ಮೊಮ್ಮಕ್ಕಳಿರುವ ಮನೆ, 200 ಯೂನಿಟ್ ದಾಟುತ್ತದೆ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೆ ನಮಗೆ ಸೋಲಾರ್ ಲೆಕ್ಕಕ್ಕೆ ಕೂರುತ್ತದೆ. ಅವರಿಗೆ ಯಾಕೆ ಬೇಕು? ಅವರು ಕೇಳಿದ್ದು ಸರಿಯಾಗೇ ಇದೆ.

ಗೃಹಜ್ಯೋತಿ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಕೂಲಿ ಮಾಡುವವರ ಮನೆಯಲ್ಲಿ ಆ ಉಳಿತಾಯ ಎಷ್ಟು ದೊಡ್ಡದು ಅಂತ ನೋಡಿದ್ದೇನೆ. ಆದರೆ ಅವರ ಬಿಲ್ಲು ನಿಜಕ್ಕೂ ಸೊನ್ನೆಯಲ್ಲ, ಸರ್ಕಾರ ಪ್ರತಿ ತಿಂಗಳು ಅದನ್ನು ಕಂಪನಿಗೆ ತುಂಬುತ್ತಿದೆ. ವರ್ಷ ವರ್ಷವೂ ತುಂಬಬೇಕು. ಅದರ ಬದಲು, ಆರ್‌ಸಿಸಿ ತಾರಸಿ ಇರುವ ಗೃಹಜ್ಯೋತಿ ಮನೆಗಳ ಮೇಲೆ 2 ಕಿಲೋವಾಟ್ ಹಾಕಿಸಿ. ಕೇಂದ್ರದಿಂದ 60 ಸಾವಿರ ಬರುತ್ತದೆ. ಉಳಿದದ್ದನ್ನು ರಾಜ್ಯವೇ ಕೊಡಲಿ. ಆ ಮನೆಯವರಿಗೆ ಈಗಿನಂತೆಯೇ ಸೊನ್ನೆ ಬಿಲ್, ಸರ್ಕಾರಕ್ಕೆ ಕೆಲವು ವರ್ಷಗಳಲ್ಲಿ ಹಾಕಿದ ದುಡ್ಡು ವಾಪಸ್. ಪ್ಯಾನೆಲ್ ಬಾಳಿಕೆ 25 ವರ್ಷ. ಶೀಟ್ ಮನೆಯವರಿಗೆ, ಬಾಡಿಗೆಯವರಿಗೆ ಶಾಲೆಯ ಮೇಲೋ ಸಂತೆ ಮೈದಾನದ ಶೆಡ್ ಮೇಲೋ ಹಾಕಿ ಅವರ ಬಿಲ್‌ನಲ್ಲಿ ಕಳೆಯಬಹುದು. ಲೆಕ್ಕಾಚಾರ ತಮ್ಮ ಅಧಿಕಾರಿಗಳು ನನಗಿಂತ ಚೆನ್ನಾಗಿ ಮಾಡಬಲ್ಲರು. ಮಾಡಿ ಜನರ ಮುಂದೆ ಇಡಲಿ ಅಂತಷ್ಟೇ ಕೇಳುತ್ತಿದ್ದೇನೆ.

ರೈತರ ವಿಷಯವನ್ನೂ ಒಂದು ಮಾತು. ನನ್ನ ತಮ್ಮ ಊರಲ್ಲಿ ತೋಟ ಮಾಡುತ್ತಾನೆ. ತ್ರೀ ಫೇಸ್ ರಾತ್ರಿ ಬಂದರೆ ರಾತ್ರಿಯೇ ನೀರು ಕಟ್ಟಬೇಕು. ಟಾರ್ಚು, ಕೋಲು, ಹಾವಿನ ಭಯ. ಕುಸುಮ್-ಸಿ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕರೆಂಟ್ ಕೊಡುವ ಕೆಲಸ ರಾಜ್ಯದಲ್ಲಿ ಶುರುವಾಗಿದೆ. ಇದು ನಿಜಕ್ಕೂ ಒಳ್ಳೆಯ ಕೆಲಸ, ತಮಗೆ ಅಭಿನಂದನೆ. ನಮ್ಮ ಕಡೆಗೂ ಬೇಗ ಬರಲಿ. ನನ್ನ ತಮ್ಮನಿಗೆ ಹವಾಮಾನ ಬದಲಾವಣೆ, ಇಂಗಾಲ ಎಲ್ಲಾ ಬೇಕಿಲ್ಲ. ರಾತ್ರಿ ಮಲಗಬೇಕು, ಅಷ್ಟೇ.

ಇನ್ನು ನನ್ನ ಕೋರಿಕೆ. 15 ದಿನದ ನಿಯಮವನ್ನು ಪ್ರತಿ ಉಪವಿಭಾಗದ ಆಫೀಸಿನ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಸಿ. ಅದರ ಕೆಳಗೆ ಯಾರ ಅರ್ಜಿ ಎಷ್ಟನೇ ದಿನದಲ್ಲಿದೆ ಅನ್ನುವುದನ್ನು ಅರ್ಜಿ ಸಂಖ್ಯೆ ಸಮೇತ ಹಾಕಿಸಿ. ರೇಷನ್ ಅಂಗಡಿಯಲ್ಲಿ ಸ್ಟಾಕ್ ಬರೆಯುವ ಹಾಗೆ. ಗಡುವು ಮೀರಿದ ಪ್ರತಿ ದಿನಕ್ಕೆ ಗ್ರಾಹಕನ ಬಿಲ್‌ನಲ್ಲಿ ಇಷ್ಟು ಅಂತ ಕಳೆಯಿರಿ. ಆಗ ಸೋಲಾರ್ ಮೀಟರ್ ಕೂಡ ಅರ್ಜೆಂಟ್ ಅನ್ನಿಸುತ್ತದೆ. ಮೀಟರ್‌ಗಳನ್ನು ಬೇಸಿಗೆಗೆ ಮುಂಚೆಯೇ ತರಿಸಿ, ಟೆಸ್ಟ್ ಮಾಡಿಸಿ ಇಟ್ಟುಕೊಳ್ಳಲಿ. ಟೆಸ್ಟಿಂಗ್ ಲ್ಯಾಬ್ ಜಾಸ್ತಿ ಮಾಡಿ. ಆರ್‌ಆರ್ ನಂಬರ್ ಹೆಸರು ಬದಲಾವಣೆಯನ್ನು ಸೋಲಾರ್ ಅರ್ಜಿಯ ಜೊತೆಗೇ ಮುಗಿಸುವ ಹಾಗೆ ಮಾಡಿ. ಸತ್ತವರ ಹೆಸರಲ್ಲಿ ಬಿಲ್ ಕಟ್ಟುವ ಮನೆ ನಮ್ಮದೊಂದೇ ಅಲ್ಲ. ಮತ್ತೆ ಆ ಜೆಇಗೆ ಎರಡು ಸೆಕ್ಷನ್ ಚಾರ್ಜ್ ತಪ್ಪಿಸಿ, ಖಾಲಿ ಹುದ್ದೆ ತುಂಬಿ. ಹುಡುಗ ಬಡವಾಗಿ ಹೋಗಿದ್ದಾನೆ.

ನಮ್ಮ ಮೀಟರ್ ಕೂತ ದಿನ ಜೂನ್ 5, ವಿಶ್ವ ಪರಿಸರ ದಿನ. ಯಾರೂ ಬೇಕಂತ ಮಾಡಿದ್ದಲ್ಲ, ಹಾಗೆ ಬಂತು. ಆಫೀಸಿನ ಮುಂದೆ ಗಿಡ ನೆಡುವ ಕಾರ್ಯಕ್ರಮ ಮುಗಿಸಿಕೊಂಡೇ ಲೈನ್‌ಮನ್ ನಮ್ಮ ಮನೆಗೆ ಬಂದರು. ಟೇಪ್ ಬಿಸಿಲಿಗೆ ಒಣಗಿ ಅಂಟಿಕೊಂಡಿತ್ತು, ಉಗುರಿನಿಂದ ಕೆರೆದು ತೆಗೆದೆವು. ಎಂಸಿಬಿ ಮೇಲೆತ್ತಿದೆವು. ಹೊರಗೆ ಪೂರ್ತಿ ಮೋಡ, ಮುಂಗಾರು ಬಂದಾಗಿತ್ತು. ಅಂದು ಬಂದದ್ದು ನಾಲ್ಕು ಯೂನಿಟ್. ಆದರೂ ಮೊಮ್ಮಗಳು ಸಂಜೆಯವರೆಗೂ ಮೀಟರ್ ಮುಂದೆ ನಿಂತು ಅಂಕಿ ಓದುತ್ತಿದ್ದಳು.

ಆದ್ದರಿಂದ ಈ ಪತ್ರ ನನಗಾಗಿ ಅಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಟೈಲರ್ ಒಬ್ಬರಿದ್ದಾರೆ. ಮೂರು ಮೋಟಾರ್ ಮಿಷನ್ ಇಟ್ಟುಕೊಂಡಿದ್ದಾರೆ. ನನ್ನ ಮೀಟರ್ ನೋಡಿ ಧೈರ್ಯ ಮಾಡಿ ತಾವೂ ಮನೆ ಮೇಲೆ ಪ್ಯಾನೆಲ್ ಹಾಕಿಸಿದರು. ಇವತ್ತಿಗೆ 71 ದಿನ ಆಯಿತು. ದಿನಾ ಬೆಳಿಗ್ಗೆ ಹಾಲು ತರಲು ಹೋಗುವಾಗ 'ಮೇಷ್ಟ್ರೇ, ನಿಮ್ಗೆ ಎಷ್ಟನೇ ದಿನಕ್ಕೆ ಬಂತು ಅಂದ್ರಿ?' ಎಂದು ಕೇಳುತ್ತಾರೆ. ಅವರ ಮೀಟರ್ ಯಾವತ್ತು ಬರುತ್ತದೆ ಎಂದು ತಮ್ಮ ಕಚೇರಿಯಿಂದ ಒಂದು ಸಾಲು ಬರೆದು ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ